ಅಂಬಾಬಾಯಿಯ ಆರು ಪಿನ್ನು

ಪುಣೆಯ ಕೊಂಢವಾ ಬಡಾವಣೆಯ ಆ ಗಲ್ಲಿಯಲ್ಲಿ ಯಾರ ಮನೆಯ ರಿಮೋಟ್ ಕೆಟ್ಟರೂ ಜನ ಹೇಳುವುದು ಒಂದೇ ಮಾತು: 'ಉಲ್ಟಾಬಾಯಿ ಕಡೆ ಒಯ್ಯಿರಿ.' ಕನ್ನಡದವರೂ ಹಾಗೇ ಹೇಳುತ್ತಾರೆ, ಮರಾಠಿಯವರೂ ಹಾಗೇ ಹೇಳುತ್ತಾರೆ. ಬಾಡಿಗೆಗೆ ಬಂದು ಇನ್ನೂ ಗಂಟುಮೂಟೆ ಬಿಚ್ಚದವರಿಗೂ ಮೊದಲು ಗೊತ್ತಾಗುವುದು ನಲ್ಲಿಯಲ್ಲಿ ನೀರು ಬರುವ ಹೊತ್ತು, ಅದಾದ ಮೇಲೆ ಉಲ್ಟಾಬಾಯಿಯ ಟಪರಿ. ಕಾರ್ಖಾನೆಯ ಬಸ್ಸು ನಿಲ್ಲುವ ಮೂಲೆಯಲ್ಲಿ, ತಗಡಿನ ಮಾಡಿನ ಕೆಳಗೆ ಒಂದು ಟೇಬಲ್ಲು, ಎರಡು ಸ್ಟೂಲು, ಸತ್ತ ರಿಮೋಟುಗಳ ರಾಶಿ. ಆ ರಾಶಿಯ ಹಿಂದೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ಹೆಂಗಸಿನ ನಿಜವಾದ ಹೆಸರು ಅಂಬಾಬಾಯಿ. ಆ ಹೆಸರಿನಿಂದ ಕರೆಯುವವನು ಈಗ ಗಂಡ ದೇವಾನಂದ ಒಬ್ಬನೇ. ಅವನೂ ಸಿಟ್ಟು ಬಂದಾಗ ಮಾತ್ರ ಕರೆಯುತ್ತಾನೆ, ಆ ಪುಣ್ಯಾತ್ಮನಿಗೆ ಸಿಟ್ಟು ಬರುವುದೇ ಅಪರೂಪ.

ಉಲ್ಟಾಬಾಯಿ ಎಂದು ಕರೆದರೆ ಅವಳು 'ಹಾಂ' ಎನ್ನುತ್ತಾಳೆ. ಗಿರಾಕಿಯ ಜೊತೆ ಜಗಳ ಮಾಡಿ ಅಂಗಡಿ ನಡೆಸಿದವರುಂಟೇ? ಆದರೆ ಹಾಗೆ ಓಗೊಟ್ಟಾಗಲೆಲ್ಲ ಎದೆಗೆ ಹೊಕ್ಕ ಹಳೆಯ ಮೊಳೆಯೊಂದು ಇನ್ನಷ್ಟು ಒಳಗೆ ಇಳಿಯುತ್ತಿತ್ತು. ಆ ಹೆಸರು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಒಬ್ಬ ಗಂಡಸು ಅವಳ ತಲೆಗೆ ಕಟ್ಟಿದ್ದ.

ಬಸವಕಲ್ಯಾಣದ ಕಡೆಯಿಂದ ಗಂಡನ ಬೆನ್ನಿಗೆ ಪುಣೆಗೆ ಬಂದವಳು ಅಂಬಾಬಾಯಿ. ದೇವಾನಂದ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಹಿಡಿದ, ಅವಳು ಹಡಪಸರದ ಕಡೆಯ ಒಂದು ಕಾರ್ಖಾನೆ ಸೇರಿದಳು. ಬೈಕು ಕಾರುಗಳ ಹೊಟ್ಟೆಯೊಳಗೆ ಹಾಯುವ ವೈರಿನ ಗೊಂಚಲು ಕಟ್ಟುವ ಕಾರ್ಖಾನೆ ಅದು. ಸಾಲಾಗಿ ನಿಂತ ಹೆಂಗಸರಲ್ಲಿ ಅವಳ ಕೆಲಸ ಪ್ಲಗ್ಗು ತುಂಬುವುದು. ಒಂದೊಂದು ಬಣ್ಣದ ವೈರನ್ನು ಪ್ಲಗ್ಗಿನ ಹಿಂದಿನಿಂದ ಅದರದರ ತೂತಿಗೆ ತಳ್ಳಬೇಕು. ಟಿಕ್ ಎಂದರೆ ಕೂತಿತು. ಗೋಡೆಯ ಮೇಲೆ ಅಂಟಿಸಿದ ಡ್ರಾಯಿಂಗ್ ಕೂಡ ಹಿಂದಿನಿಂದ ಕಾಣುವ ಹಾಗೇ ಬರೆದದ್ದು. ವರ್ಷಗಟ್ಟಲೆ ಅವಳು ಪ್ಲಗ್ಗುಗಳ ಬೆನ್ನನ್ನೇ ನೋಡಿದಳು. ಅದರ ಮುಖ ಹೇಗಿರುತ್ತದೆ ಎಂದು ಕೇಳಿದ್ದರೆ ಆ ಸಾಲಿನಲ್ಲಿ ಒಬ್ಬಳೂ ಹೇಳುತ್ತಿರಲಿಲ್ಲ.

ಸಾಲಿಗೆ ಸೂಪರ್‌ವೈಸರ್ ಹಣಮಂತ್ರಾಯ. ಅವಳ ಸೀಮೆಯವನೇ, ಆಳಂದದ ಕಡೆಯವನು. ಮರಾಠಿ ಹಿಂದಿಯ ಗದ್ದಲದಲ್ಲಿ ತನ್ನ ಮಾತಿನವನೊಬ್ಬ ಸಿಕ್ಕನೆಂದು ಅವಳಿಗೆ ಹಿಗ್ಗು. ತನ್ನ ಬುತ್ತಿಯ ಜೊತೆ ಅವನಿಗೂ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ತರುತ್ತಿದ್ದಳು. ಅವನೂ ಬೆರಳು ನೆಕ್ಕಿ ತಿನ್ನುತ್ತಿದ್ದ.

ಒಂದು ದಿನ ಗೋಡೆಗೆ ಹೊಸ ಡ್ರಾಯಿಂಗ್ ಬಂತು. ಅದನ್ನು ನೋಡಿ ಅಂಬಾಬಾಯಿ ತುಂಬಿದ ಪ್ಲಗ್ಗುಗಳೆಲ್ಲ ಉಲ್ಟಾ ಆಗಿ ತಿರುಗಿ ಬಂದವು. ಬೈಕಿನಲ್ಲಿ ಎಡಕ್ಕೆ ಒತ್ತಿದರೆ ಬಲದ ದೀಪ ಮಿಣುಕುತ್ತಿತ್ತಂತೆ. ದೊಡ್ಡ ಸಾಹೇಬರು ಕೆಂಡವಾಗಿ ಬಂದು ಯಾರ ಕೆಲಸ ಇದು ಎಂದು ಕೇಳಿದರು. ಹಣಮಂತ್ರಾಯನ ಬೆರಳು ಸೀದಾ ಅವಳ ಕಡೆ ತಿರುಗಿತು.

"ಡ್ರಾಯಿಂಗ್ ನೋಡೇ ಹಾಕೀನ್ರಿ," ಎಂದಳು ಅವಳು.

"ಕುಣೀಲಿಕ್ಕೆ ಬರದಾಕಿ ನೆಲ ಡೊಂಕು ಅಂದಳಂತ," ಎಂದ ಹಣಮಂತ್ರಾಯ. ಸಾಲಿಗೆ ಸಾಲೇ ನಕ್ಕಿತು.

ಅಷ್ಟಕ್ಕೇ ಬಿಟ್ಟಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ತಿರಸ್ಕರಿಸಿದ ಮಾಲು ಹಾಕುವ ಕೆಂಪು ಡಬ್ಬಿಯ ಪಕ್ಕದಲ್ಲಿ, ಕೈಯಲ್ಲಿ ಉಲ್ಟಾ ಗೊಂಚಲೊಂದನ್ನು ಹಿಡಿಸಿ, ಅವಳನ್ನು ನಿಲ್ಲಿಸಿದ. 'ಈ ಉಲ್ಟಾಬಾಯಿನ್ನ ನೋಡಿ ಕಲೀರಿ,' ಎಂದು ಬಂದವರಿಗೂ ಹೋದವರಿಗೂ ತೋರಿಸಿದ. ನೀರಿಗೂ ಬಿಡಲಿಲ್ಲ. ಸಂಜೆ ಕಾರ್ಖಾನೆಯ ಸೈರನ್ನು, ಆ ಭೋಂಗಾ, ಕೂಗಿದಾಗ ಬಂದು ಕೈಯಿಂದ ಗೊಂಚಲು ಕಿತ್ತುಕೊಂಡು, "ಪಾಳಿ ಮುಗೀತು. ಹೋಗು," ಎಂದ. ನಾಳೆ ಬಾ ಎನ್ನಲಿಲ್ಲ. ಅದೇ ಸಾಲಿನಲ್ಲಿ ಕೆಲಸ ಮಾಡುತ್ತಿದ್ದ ಪಕ್ಕದ ಮನೆಯ ಮಾಯಾ ಆ ಸಂಜೆಯೇ ಗಲ್ಲಿಯಲ್ಲಿ ನಿಂತು, ಉಲ್ಟಾಬಾಯಿ ಹೀಗೆ ನಿಂತಿದ್ದಳು ಎಂದು ನಿಂತು ತೋರಿಸಿದಳು. ಊರ ಬಾಯಿಗೆ ಮುಚ್ಚಳ ಹಾಕಿದವರು ಯಾರಿದ್ದಾರೆ? ಹೆಸರು ಅಂಟಿತು.

ಆಮೇಲೆ ಅವಳು ರಿಪೇರಿ ಕಲಿತದ್ದು, ಟಪರಿ ಹಾಕಿದ್ದು, ಅದು ನಡೆದದ್ದು ಎಲ್ಲ ಸರಿ. ಆದರೆ ಎಲ್ಲಿ ತಪ್ಪಿತು ಎಂಬುದು ಅವಳಿಗೂ ತಿಳಿದಿರಲಿಲ್ಲ. ನನ್ನ ಕೈಯೇ ತಪ್ಪಿತ್ತೇನೋ ಎಂಬ ಅನುಮಾನ ಅವಳನ್ನು ಒಳಗಿಂದೊಳಗೇ ತಿನ್ನುತ್ತಿತ್ತು. ಹಣಮಂತ್ರಾಯನ ಮೇಲಿನ ಸಿಟ್ಟಿಗಿಂತ ಹೆಚ್ಚಿನ ನೋವು ಅದು.

ಹೀಗಿರಲು, ಮಳೆಗಾಲ ಮುಗಿಯುವ ಹೊತ್ತಿಗೆ ಹಣಮಂತ್ರಾಯ ತಾನೇ ನಡೆದುಕೊಂಡು ಅವಳ ಟಪರಿಗೆ ಬಂದ. ನೌಕರಿಯಿಂದ ನಿವೃತ್ತನಾಗಿ, ಅದೇ ಗಲ್ಲಿಯಲ್ಲಿದ್ದ ಮಗಳ ಮನೆ ಸೇರಿಕೊಂಡಿದ್ದ. ಟಪರಿಯ ಎದುರಿಗೇ, ನೆಲಮಹಡಿಯ ಮನೆ, ಹಗಲೆಲ್ಲ ಬಾಗಿಲು ತೆರೆದೇ ಇರುತ್ತಿತ್ತು.

"ಬಾಯಾರ, ಇದು ಸತ್ತದ ನೋಡ್ರಿ," ಎಂದು ಒಂದು ರಿಮೋಟನ್ನು ಟೇಬಲ್ಲಿನ ಮೇಲಿಟ್ಟ.

ತಲೆ ಎತ್ತುವ ಮೊದಲೇ ದನಿಯಿಂದ ಅವಳಿಗೆ ಗೊತ್ತಾಯಿತು. ಕೈಯಲ್ಲಿದ್ದ ಕಾದ ಸೋಲ್ಡರಿಂಗ್ ಕಡ್ಡಿ ಹಾಗೇ ನಿಂತಿತು. ಅವನ ಮುಖ ನೋಡಿದಳು. ಅವನೂ ಅವಳ ಮುಖ ನೋಡಿದ, ಕಂಬ ನೋಡಿದಂತೆ ನೋಡಿದ. ತಾನೇ ಇಟ್ಟ ಹೆಸರು ಕೇಳಿಕೊಂಡು ಬಂದಿದ್ದರೂ ಗುರುತು ಹತ್ತಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರಿಗೂ ಟೊಪ್ಪಿಗೆ, ಮಾಸ್ಕು, ನೀಲಿ ಕೋಟು ಇದ್ದದ್ದು ನಿಜ. ಆದರೆ ಇಷ್ಟು ರೊಟ್ಟಿ ತಿಂದ ಬಾಯಿಗೆ ರೊಟ್ಟಿ ಕೊಟ್ಟ ಕೈಯ ನೆನಪಾದರೂ ಬೇಡವೇ? ನನ್ನ ಬಾಳಿಗೆ ಮಸಿ ಬಳಿದವನಿಗೆ ನಾನು ಯಾರೆಂದೇ ಗೊತ್ತಿಲ್ಲವಲ್ಲ ಎಂದುಕೊಳ್ಳುತ್ತ ಅವಳು ಕಡ್ಡಿಯನ್ನು ಬದಿಗಿಟ್ಟಳು.

"ಬಿಟ್ಟು ಹೋಗ್ರಿ ಕಾಕಾ," ಎಂದಳು ತಣ್ಣಗೆ. "ಈ ಟಿವಿದು ರಿಮೋಟ್ ಪ್ಯಾಟ್ಯಾಗ ಸಿಗೂದಿಲ್ಲ. ಬ್ಯಾರೆ ರಿಮೋಟಿನಾಗ ಕೋಡ್ ಬರದು ಕೊಡಬೇಕಾಗ್ತದ. ತಡಾ ಆಗ್ತದ."

ಅವಳು ಹೇಳಿದ್ದು ಸುಳ್ಳಲ್ಲ. ಕಂಪ್ಯೂಟರ್ ನೌಕರಿಯವರು ಫ್ಲಾಟು ಖಾಲಿ ಮಾಡಿ ಹೋಗುವಾಗ ಗುಜರಿಗೆ ಹಾಕುವ ಸಾಮಾನಿನಲ್ಲಿ ದಪ್ಪನೆಯ ಪರದೇಶದ ರಿಮೋಟುಗಳು ಬರುತ್ತಿದ್ದವು. ಅವುಗಳ ಸೆಲ್ಲು ಹಾಕುವ ಗೂಡಿನಲ್ಲಿ ಆರು ಸಣ್ಣ ಪಿನ್ನುಗಳಿರುತ್ತವೆ. ಆ ಪಿನ್ನುಗಳಿಗೆ ಕೇಬಲ್ ಹಚ್ಚಿ ಕಂಪ್ಯೂಟರಿಗೆ ಸೇರಿಸಿದರೆ, ಯಾವ ಬಟನ್ನು ಒತ್ತಿದರೆ ಏನಾಗಬೇಕು ಎಂದು ನಾವೇ ಬರೆಯಬಹುದು. ಕೇಬಲ್ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ, ಕೈಯಿಂದಲೇ ಕಟ್ಟಬೇಕು. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವನು ಪುನೀತ, ಮಂಡ್ಯದ ಹುಡುಗ, ಐಟಿ ಕಂಪನಿಯ ನೌಕರ, ಅವಳ ಖಾಯಂ ಗಿರಾಕಿ. ಕೇಬಲ್ ಚುಚ್ಚಲು ಬೆನ್ನಿನಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದ್ದ ಹಳೆಯ ಕಂಪ್ಯೂಟರೊಂದನ್ನು ಅವಳಿಗೆ ಕೊಟ್ಟು, ಪ್ರೋಗ್ರಾಮ್ ತುಂಬಿಸಿ, ಇಂಟರ್‌ನೆಟ್ಟಿನಿಂದ ಕೇಬಲ್ಲಿನ ಡ್ರಾಯಿಂಗನ್ನೂ ಪ್ರಿಂಟ್ ತೆಗೆದು ಕೊಟ್ಟಿದ್ದ. ಹಣಮಂತ್ರಾಯನ ಟಿವಿಯ ಕೋಡನ್ನೂ ಅವನೇ ಹುಡುಕಿಕೊಟ್ಟ.

ಅಂಬಾಬಾಯಿ ಮನಸ್ಸಿನಲ್ಲೇ ಶಪಥ ತೊಟ್ಟಳು. ಈ ಮನುಷ್ಯನಿಗೆ ಎಲ್ಲ ಬಟನ್ನೂ ಉಲ್ಟಾ ಇರುವ ರಿಮೋಟ್ ಬರೆದುಕೊಡಬೇಕು. ದನಿ ಏರಿಸಿದರೆ ಇಳಿಯಬೇಕು, ಮುಂದಿನ ಚಾನೆಲ್ ಒತ್ತಿದರೆ ಹಿಂದಿನದು ಬರಬೇಕು. ಬಾಗಿಲು ತೆರೆದ ಮನೆಯಲ್ಲಿ ಅವನು ಪೇಚಾಡುವುದನ್ನು ನೋಡಿ ಗಲ್ಲಿಯೆಲ್ಲ ನಗಬೇಕು. ಉಲ್ಟಾ ಎಂಬ ಹೆಸರು ಅವನ ಮನೆಗೆ ಹೋಗಿ ಸೇರಬೇಕು.

ದೇವಾನಂದನಿಗೆ ಹೇಳಿದಾಗ ಅವನು ರೊಟ್ಟಿ ಮುರಿಯುತ್ತ, "ಮುದುಕ ಆಗ್ಯಾನ, ಬಿಡು. ತಾಳಿದವರು ಬಾಳ್ಯಾರು ಅಂತಾರ," ಎಂದ.

"ತಾಳಿ ತಾಳೀನೇ ಇಷ್ಟು ವರ್ಷ ಆಯ್ತು. ಎಲ್ಲಿ ಬಾಳೀನಿ, ತೋರ್ಸು," ಎಂದಳು. ಅವನು ಪಲ್ಯ ಹಾಕಿಸಿಕೊಂಡ.

ಆದರೆ ಕೇಬಲ್ ಕೈ ಕೊಟ್ಟಿತು. ಆರು ತೂತಿನ ಸಣ್ಣ ಪ್ಲಗ್ಗು ತಂದಳು, ಡ್ರಾಯಿಂಗ್ ಎದುರಿಗಿಟ್ಟುಕೊಂಡು ಒಂದೊಂದೇ ವೈರು ತುಂಬಿದಳು, ಟಿಕ್ ಟಿಕ್ ಎಂದು ಎಲ್ಲವೂ ಕೂತವು. ರಿಮೋಟಿಗೆ ಹಚ್ಚಿ ಕಂಪ್ಯೂಟರಿನಲ್ಲಿ ಒತ್ತಿದರೆ, ರಿಮೋಟ್ ಸಿಗಲಿಲ್ಲ ಎಂಬ ಸಾಲು ಬಂತು. ಸೆಲ್ಲು ಬದಲಾಯಿಸಿದಳು, ಸಿಗಲಿಲ್ಲ. ಬೆಸುಗೆಯನ್ನೆಲ್ಲ ಕಿತ್ತು ಹೊಸದಾಗಿ ಹಾಕಿದಳು, ಸಿಗಲಿಲ್ಲ. ಕೇಬಲ್ ಉದ್ದವಾಯಿತೇನೋ ಎಂದು ಗೇಣುದ್ದಕ್ಕೆ ಕತ್ತರಿಸಿದಳು. ಬೇರೆ ರಿಮೋಟ್ ಹಚ್ಚಿದಳು. ಅದರ ಸೆಲ್ಲುಗಳು ಬಿಸಿಯಾದದ್ದು ಕೈಗೆ ಹತ್ತಿ ಗಾಬರಿಯಿಂದ ಕಿತ್ತಳು. ಮೀಟರ್ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದರೆ ಪ್ರತಿಯೊಂದು ವೈರೂ ಪೀಂ ಎನ್ನುತ್ತಿತ್ತು. ಎಲ್ಲ ಸರಿ ಇದೆ, ಕೆಲಸ ಮಾತ್ರ ಆಗುತ್ತಿಲ್ಲ. ಇದಕ್ಕಿಂತ ಸಿಟ್ಟು ಬರಿಸುವ ಸಂಗತಿ ರಿಪೇರಿಯವರ ಬಾಳಿನಲ್ಲಿ ಇನ್ನೊಂದಿಲ್ಲ.

ಒಂದೇ ಸಮಾಧಾನವೆಂದರೆ, ಎದುರು ಮನೆಯಲ್ಲಿ ಹಣಮಂತ್ರಾಯನಿಗೆ ರಿಮೋಟ್ ಇರಲಿಲ್ಲ. ಚಾನೆಲ್ ಬದಲಿಸಬೇಕಾದಾಗಲೆಲ್ಲ ಮಂಡಿ ಹಿಡಿದುಕೊಂಡು ಏಳುತ್ತಿದ್ದ, ಟಿವಿಯ ಬೆನ್ನಿಗೆ ಕೈ ಹಾಕಿ ತಡಕಾಡುತ್ತಿದ್ದ, ಅಯ್ಯಪ್ಪಾ ಎಂದು ಕೂರುತ್ತಿದ್ದ. ಜಾಹೀರಾತು ಬಂತೆಂದರೆ ಮತ್ತೆ ಏಳಬೇಕು. ಏಳು ಮಗನೇ, ಏಳು, ನಾನು ಇಡೀ ಪಾಳಿ ನಿಂತಿದ್ದೆ ಎಂದುಕೊಳ್ಳುತ್ತ ಅಂಬಾಬಾಯಿ ಚಹಾ ಕುಡಿಯುತ್ತಿದ್ದಳು. ಆ ದಿನಗಳಲ್ಲಿ ಚಹಾ ಭಾಳ ರುಚಿಯಾಗಿತ್ತು.

ಭಾನುವಾರ ಪುನೀತ ಬಂದ. ಕಂಪ್ಯೂಟರಿನ ಮುಂದೆ ಕೂತು ಒಂದಷ್ಟು ಹೊತ್ತು ಕುಟ್ಟಿದ.

"ಅಕ್ಕಾ, ಸಾಫ್ಟ್‌ವೇರ್ ಪ್ರಾಬ್ಲಂ ಏನೂ ಇಲ್ಲ. ಪೋರ್ಟೂ ವರ್ಕ್ ಆಗ್ತಿದೆ," ಎಂದು ಪ್ಲಗ್ಗನ್ನು ಕೈಗೆತ್ತಿಕೊಂಡ. ಅದರ ತೂತುಗಳನ್ನು ತನ್ನ ಕಡೆಗೆ ತಿರುಗಿಸಿ, ಡ್ರಾಯಿಂಗಿನ ಪಕ್ಕ ಹಿಡಿದ. "ಇದೇನು, ನೀವು ಎಲ್ಲಾ ಆಪೋಸಿಟ್ ಹಾಕಿದೀರಲ್ಲಾ? ಒಂದನೇದು ಈ ಕಡೆ ಬರ್ಬೇಕು."

"ಇಲ್ಲ ತಮ್ಮಾ, ಡ್ರಾಯಿಂಗಿನಾಗ ಹ್ಯಾಂಗ ಅದನೋ ಹಂಗೇ ಹಾಕೀನಿ." ಅವಳು ಪ್ಲಗ್ಗನ್ನು ಕಸಿದು, ವೈರು ತನ್ನ ಕಡೆಗೆ ಮಾಡಿ ತೋರಿಸಿದಳು. "ನೋಡು, ಒಂದು, ಎರಡು, ಮೂರು."

"ಹಿಂದೆಯಿಂದ ಯಾಕೆ ನೋಡ್ತೀರಾ ಅಕ್ಕಾ? ಈ ಡ್ರಾಯಿಂಗ್ ಮುಂದೆಯಿಂದ ನೋಡಿ ಬರೆದಿರೋದು. ಇಲ್ಲಿ ತೂತು ಕಾಣ್ತಿದೆಯಲ್ಲಾ. ಹಿಂದೆಯಿಂದ ನೋಡಿದ್ರೆ ಎಡಗಡೆದು ಬಲಗಡೆಗೆ ಹೋಗುತ್ತೆ, ಅಷ್ಟೇ."

ಅಷ್ಟೇ ಎಂದು ಅವನು ಅಂದುಬಿಟ್ಟ. ಅವಳು ಪ್ಲಗ್ಗನ್ನು ಮುಂದಿನಿಂದ ನೋಡಿದಳು, ಹಿಂದಿನಿಂದ ನೋಡಿದಳು, ಮತ್ತೆ ಮುಂದಿನಿಂದ ನೋಡಿದಳು. ಕಾರ್ಖಾನೆಯ ಗೋಡೆ ಕಣ್ಣ ಮುಂದೆ ಬಂತು. ಆ ಹೊಸ ಡ್ರಾಯಿಂಗಿನಲ್ಲೂ ಹೀಗೇ ತೂತುಗಳು ಕಾಣುತ್ತಿದ್ದವು. ಹಳೆಯವುಗಳಲ್ಲಿ ವೈರು ಕಾಣುತ್ತಿತ್ತು. ಹೊಸ ಗಿರಾಕಿ ಮುಂದಿನಿಂದ ನೋಡಿ ಬರೆದು ಕಳಿಸಿದ್ದ ಡ್ರಾಯಿಂಗನ್ನು ಹಣಮಂತ್ರಾಯ ತುಟಿ ಪಿಟಕ್ಕೆನ್ನದೆ ಅಂಟಿಸಿ ಹೋಗಿದ್ದ. ಹಿಂದಿನಿಂದಲೇ ನೋಡಲು ಕಲಿಸಿದ ಕೈ, ಕಲಿಸಿದಂತೆಯೇ ಮಾಡಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು, ಆ ಎಮ್ಮೆಯೂ ಜ್ವರ ತನಗೇ ಇತ್ತೇನೋ ಎಂದು ಇಷ್ಟು ವರ್ಷ ಮೈ ಮುಟ್ಟಿ ನೋಡಿಕೊಂಡಿತ್ತು.

ಅಂಬಾಬಾಯಿ ಜೋರಾಗಿ ನಕ್ಕಳು. ನಗುತ್ತ ನಗುತ್ತ ಅತ್ತಳು. ಪುನೀತ ಗಾಬರಿಯಾಗಿ ಎದ್ದು ನಿಂತ.

"ಅಕ್ಕಾ, ಕೇಬಲ್ ತಾನೇ? ಹತ್ತು ನಿಮಿಷದ ಕೆಲಸ. ಅಳೋದ್ಯಾಕೆ?"

"ನಿನಗ ದೇವ್ರು ಛಲೋ ಮಾಡ್ಲಿ ತಮ್ಮಾ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡು, ಆಗಲೇ ವೈರುಗಳನ್ನು ಕಿತ್ತು ಮರಳಿ ತುಂಬಿದಳು. ಈ ಸಲ ಕಂಪ್ಯೂಟರು ರಿಮೋಟ್ ಸಿಕ್ಕಿತು ಎಂದಿತು.

ಅಲ್ಲಿಯವರೆಗೆ, ಅವನನ್ನು ನಗೆಪಾಟಲು ಮಾಡಿದರೆ ಸಾಕು ಎಂದುಕೊಂಡಿದ್ದವಳಿಗೆ ಈಗ ಅದು ಸಾಲದಾಯಿತು. ನಿಜ ಅವನ ಬಾಯಿಂದಲೇ ಬರಬೇಕು, ಅದೇ ಕಾರ್ಖಾನೆಯ ಹೆಂಗಸರ ಮುಂದೆ ಬರಬೇಕು. ರಿಮೋಟಿನ ಒಂದೊಂದು ಬಟನ್ನನ್ನೂ ಎಡದ್ದು ಬಲಕ್ಕೆ, ಮೇಲಿನದು ಕೆಳಕ್ಕೆ ಮಾಡಿ ಬರೆದಳು. ಮಗುವಿಗೆ ಅಂಗಿ ಹೊಲಿಯುವಷ್ಟು ಅಕ್ಕರೆಯಿಂದ ಬರೆದಳು. ಮರುದಿನ ಹಣಮಂತ್ರಾಯನಿಗೆ ಕೊಟ್ಟು, "ಏನಾರೆ ತ್ರಾಸಾದ್ರ ಸಂಜೀ ಮುಂದ ಬರ್ರಿ ಕಾಕಾ. ಹಗಲೆಲ್ಲಾ ಗಡಿಬಿಡಿ ಇರ್ತದ," ಎಂದಳು. ಕಾರ್ಖಾನೆಯ ಬಸ್ಸು ಬರುವುದು ಸಂಜೆಗೇ.

ಆಮೇಲಿನ ತಮಾಷೆಯನ್ನು ಗಲ್ಲಿಯೇ ನೋಡಿತು. ಹಣಮಂತ್ರಾಯ ಸುದ್ದಿಯ ದನಿ ತಗ್ಗಿಸಲು ಹೋದರೆ ಅದು ಓಣಿಗೆಲ್ಲ ಕೇಳುವಷ್ಟು ಅರಚುತ್ತಿತ್ತು. ಕುಸ್ತಿ ನೋಡಲು ಒತ್ತಿದರೆ ಅಡುಗೆ ಬರುತ್ತಿತ್ತು. ಮಕ್ಕಳು ಬಾಗಿಲಲ್ಲಿ ನಿಂತು 'ಉಲ್ಟಾ ಆಜೋಬಾ, ಉಲ್ಟಾ ಅಜ್ಜ' ಎಂದು ಕೂಗಿ ಓಡಿದರು. ಅವನಾದರೂ ಕೂಡಲೇ ಬಂದನೇ? ಇಲ್ಲ. ಬದುಕೆಲ್ಲ ಹೆಂಗಸರಿಗೆ ಕೆಲಸ ಕಲಿಸಿದ ಗಂಡಸು, ತನಗೆ ರಿಮೋಟ್ ಒತ್ತಲು ಬರುವುದಿಲ್ಲ ಎಂದು ಯಾವ ಬಾಯಿಂದ ಹೇಳಿಯಾನು? ಹಲ್ಲು ಕಚ್ಚಿ ಒತ್ತಿದ, ಬೈದುಕೊಂಡ, ಕೊನೆಗೆ ಒಂದು ಸಂಜೆ ರಿಮೋಟನ್ನು ಎತ್ತಿಕೊಂಡು ದುಮುದುಮು ಎನ್ನುತ್ತ ಬಂದ. ಅದೇ ಹೊತ್ತಿಗೆ ಬಸ್ಸು ನಿಂತು ಹೆಂಗಸರು ಇಳಿಯುತ್ತಿದ್ದರು. ಮಾಯಾ ಎಲ್ಲರಿಗಿಂತ ಮುಂದಿದ್ದಳು. ಜಗಳದ ವಾಸನೆ ಬಂದರೆ ಅವಳು ಯಾವಾಗಲೂ ಮುಂದೇ.

"ಏನು ಮಾಡಿ ಕೊಟ್ಟೀರಿ ಇದು? ಎಲ್ಲಾ ಉಲ್ಟಾ ಅದ! ಕೆಲಸ ಬರ್ತದೋ ಇಲ್ಲೋ ನಿಮಗ?"

ಅಂಬಾಬಾಯಿ ಕನ್ನಡಕ ಏರಿಸಿದಳು. "ರಿಮೋಟ್ ಸರಿ ಅದರಿ. ನೀವು ಮುಂದಿಂದ ನೋಡ್ಲತ್ತೀರಿ. ಹಿಂದಿಂದ ನೋಡ್ರಿ."

"ಏನಂದ್ರಿ?"

ಅವಳು ಕೇಬಲ್ಲಿನ ಪ್ಲಗ್ಗನ್ನೂ ಡ್ರಾಯಿಂಗನ್ನೂ ಅವನ ಕೈಗೆ ತುರುಕಿದಳು. "ಇದನ್ನ ಹ್ಯಾಂಗ ನೋಡಬೇಕು, ಹೇಳ್ರಿ. ನೀವೇ ಕಲಿಸೀರಿ ನನಗ. ಬೆನ್ನಿನ ಕಡಿಂದ ನೋಡು ಅಂದೀರಿ. ಆಮ್ಯಾಲ ಒಂದು ದಿವಸ ಮುಂದಿನ ಕಡಿದು ಗೋಡಿಗಿ ಹಚ್ಚಿ ಹೋದ್ರಿ, ಹೇಳಲಿಲ್ಲ. ಕೆಂಪು ಡಬ್ಬಿ ಬಾಜೂಕ ನಿಂದರ್ಸಿದ್ರಿ. ನೆನಪಾಯ್ತೋ? ಶೇಂಗಾ ಹಿಂಡಿ ನೆನಪಾಯ್ತೋ?"

ಅವನು ಪ್ಲಗ್ಗನ್ನು ನೋಡಿದ, ಅವಳನ್ನು ನೋಡಿದ. ಈ ಸಲ ಕಂಬ ನೋಡಿದಂತೆ ನೋಡಲಿಲ್ಲ.

"ಅಂಬಾಬಾಯಿ?" ಎಂದ.

"ಹೌದು. ನೀವು ಇಟ್ಟ ಹೆಸರಿಲೆ ಈಗ ಉಲ್ಟಾಬಾಯಿ ಅಂತಾರ. ಡ್ರಾಯಿಂಗ್ ಮುಂದಿನ ಕಡಿದು ಅಂತ ನಿಮಗ ಗೊತ್ತಿತ್ತೋ ಇಲ್ಲೋ, ಅಷ್ಟು ಹೇಳ್ರಿ."

ಅವನು ಅತ್ತಿತ್ತ ನೋಡಿದ. ಹೆಂಗಸರು ದಾರಿ ಬಿಡುವಂತಿರಲಿಲ್ಲ. ನೆಲ ನೋಡುತ್ತ, ಕೇಳಿಸಿಯೂ ಕೇಳಿಸದ ಹಾಗೆ, "ಅವತ್ತು ಮಧ್ಯಾಹ್ನನೇ ಗೊತ್ತಾಗಿತ್ತು," ಎಂದ.

ಮಧ್ಯಾಹ್ನ. ಅಂದರೆ ಅವಳು ಇನ್ನೂ ಡಬ್ಬಿಯ ಪಕ್ಕ ನಿಂತಿದ್ದಳು. ಗೊತ್ತಾದ ಮೇಲೂ ಭೋಂಗಾ ಕೂಗುವ ತನಕ ನಿಲ್ಲಿಸಿದ್ದ.

"ಗಟ್ಟಿಯಾಗಿ ಹೇಳ್ರಿ. ಹಿಂದಿನವ್ರಿಗಿ ಕೇಳ್ಸಿಲ್ಲ."

"ಡ್ರಾಯಿಂಗ್ ಮುಂದಿನ ಕಡಿದಿತ್ತು!" ಎಂದು ಅವನು ಹೆಚ್ಚುಕಡಿಮೆ ಕೂಗಿಯೇಬಿಟ್ಟ. "ನಾ ಹೇಳೋದು ಮರ್ತಿದ್ದೆ. ತಪ್ಪು ನಂದು. ಆಕಿದಲ್ಲ. ಸಾಹೇಬ್ರಿಗಿ ಅಂಜಿ ಬಾಯಿ ಮುಚ್ಚಿದೆ. ಮಗಳ ಮದವಿ ಇತ್ತು, ನೌಕರಿ ಹೋಗ್ತದಂತ ಅಂಜಿದೆ."

"ಹೌದ್ರೆವ್ವಾ," ಎಂದಳು ಮಾಯಾ, ಬಾಯಿ ಮೇಲೆ ಕೈ ಇಟ್ಟುಕೊಂಡು. "ಮರುದಿನಾ ಡ್ರಾಯಿಂಗ್ ಬದಲಾಗಿತ್ತು. ನಾನೇ ನೋಡೀನಿ. ಯಾಕಂತ ಯಾರೂ ಕೇಳ್ಲಿಲ್ಲ."

ಯಾರೂ ನಗಲಿಲ್ಲ. ಹಣಮಂತ್ರಾಯ ಬೆವರು ಒರೆಸಿಕೊಂಡು, "ಮಾಫಿ ಮಾಡ್ರಿ ಅಂಬಾಬಾಯಿ," ಎಂದು ಸ್ಟೂಲಿನ ಕಡೆ ಕೈ ಚಾಚಿದ.

ಅಂಬಾಬಾಯಿ ಕಾಲಿನಿಂದ ಸ್ಟೂಲನ್ನು ಟೇಬಲ್ಲಿನ ಒಳಕ್ಕೆ ಎಳೆದುಕೊಂಡಳು.

"ಮಾಫಿ ನನ್ನ ಕಡಿ ಇಲ್ಲ. ರಿಮೋಟ್ ಅದ, ಸರಿ ಮಾಡಿ ಕೊಡ್ತೀನಿ. ನಿಂದರ್ರಿ."

ಎಲ್ಲ ಬಟನ್ನನ್ನೂ ಒಂದೇ ಏಟಿಗೆ ಸರಿ ಮಾಡುವುದು ಅವಳಿಗೆ ಗೊತ್ತಿತ್ತು. ಮಾಡಲಿಲ್ಲ. ಕೇಬಲ್ ಹಚ್ಚಿ ಒಂದೊಂದೇ ಬಟನ್ನು ಬರೆದಳು. ಬರೆದು, ಬಿಚ್ಚಿ, ಒತ್ತಿ ನೋಡಿ, ಮತ್ತೆ ಹಚ್ಚಿ ಮುಂದಿನದಕ್ಕೆ ಹೋದಳು. ಅವನು ಕೈಯಲ್ಲಿ ಆ ಡ್ರಾಯಿಂಗ್ ಹಿಡಿದುಕೊಂಡೇ ನಿಂತಿದ್ದ, ಕೆಳಗಿಡಲು ಹೊಳೆಯಲಿಲ್ಲವೋ, ಧೈರ್ಯ ಬರಲಿಲ್ಲವೋ. ತರಕಾರಿಗೆ ಹೋಗುವವರು ನೋಡಿದರು, ಬರುವವರು ನೋಡಿದರು. ಕೆಲಸ ಮುಗಿಸಿ ಬಂದ ದೇವಾನಂದ ದೂರದಿಂದಲೇ ನೋಡಿ, ಏನೋ ಹೇಳಲು ಬಾಯಿ ತೆರೆದವನು ಹೆಂಡತಿಯ ಮುಖ ಕಂಡು ಮನೆಗೆ ನಡೆದ. ಅಂಬಾಬಾಯಿಗೆ ಕನಿಕರ ಬಂತೇ? ಬರಲಿಲ್ಲ. ಎಷ್ಟೋ ವರ್ಷಗಳಿಂದ ಹಸಿದ ಹೊಟ್ಟೆಗೆ ಬಿಸಿ ಅನ್ನ ಬಿದ್ದಂತಾಗಿತ್ತು. ಅವಳು ನಿಧಾನವಾಗಿ ಉಂಡಳು.

ಕೊನೆಯ ಬಟನ್ನು ಮುಗಿಯುವ ಹೊತ್ತಿಗೆ ಬೀದಿ ದೀಪ ಹತ್ತಿತ್ತು. ಮಾಯಾ ಇನ್ನೂ ಕಟ್ಟೆಯ ಮೇಲೆ ಕೂತೇ ಇದ್ದಳು. ಅಂಬಾಬಾಯಿ ಎದ್ದು ಅವನ ಕೈಯಿಂದ ಡ್ರಾಯಿಂಗನ್ನು ಕಿತ್ತುಕೊಂಡಳು, ಅಲ್ಲಿ ರಿಮೋಟನ್ನು ಇಟ್ಟಳು.

"ಪಾಳಿ ಮುಗೀತು," ಎಂದಳು. "ಹೋಗು."